ನಕ್ಷೆಯಲ್ಲಿ ದೂರ ಬಿದ್ದ ಚುಕ್ಕೆಗಳು: ಮುಖ್ಯ ಕಾಡಿನಿಂದ ಬೇರೆಯಾಗಿ ಉಳಿದ ಮರಗಳ ಕತೆ ಏನು?

ನಕ್ಷೆಹುಳ

ಮರಗಳ ನಕ್ಷೆ ನೋಡುತ್ತಾ ಕೂರುವುದು ನನಗೊಂದು ಚಟ. ಒಂದು ಜಾತಿಯ ಮರ ಎಲ್ಲೆಲ್ಲಿ ತಾನಾಗಿ ಬೆಳೆದಿದೆಯೋ ಅಷ್ಟೂ ಜಾಗಕ್ಕೆ ಹಸಿರು ಬಳಿದಿರುತ್ತಾರಲ್ಲ, ಅಂಥ ನಕ್ಷೆ. ಸಾಮಾನ್ಯವಾಗಿ ಒಂದೇ ದೊಡ್ಡ ಹಸಿರು ಹರವು ಇರುತ್ತದೆ. ಆದರೆ ಎಷ್ಟೋ ನಕ್ಷೆಗಳಲ್ಲಿ ಆ ಹರವಿನಿಂದ ದೂರ, ಖಾಲಿ ಬಿಳಿಯ ನಡುವೆ, ಒಂದೋ ಎರಡೋ ಚುಕ್ಕೆ ಕಾಣುತ್ತವೆ. ಮೊದಮೊದಲು ಅಚ್ಚಿನ ತಪ್ಪು ಅಂದುಕೊಂಡಿದ್ದೆ. ತಪ್ಪಲ್ಲ. ಅಲ್ಲಿ ನಿಜಕ್ಕೂ ಮರಗಳಿವೆ.

ನನ್ನನ್ನು ಹಿಡಿದು ಕೂರಿಸಿದ ಚುಕ್ಕೆ ಅಮೆರಿಕದ ಟೆಕ್ಸಸ್‌ನದು. ಲಾಬ್ಲಾಲಿ ಪೈನ್ ಅಂತ ಒಂದು ಮರ. ಆಗ್ನೇಯ ಅಮೆರಿಕದ ತುಂಬಾ ಹಬ್ಬಿಕೊಂಡು, ಪೂರ್ವ ಟೆಕ್ಸಸ್‌ಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 160 ಕಿ.ಮೀ. ಹೋದರೆ ಬ್ಯಾಸ್ಟ್ರಪ್ ಎಂಬಲ್ಲಿ ಇದ್ದಕ್ಕಿದ್ದಂತೆ ಮತ್ತೆ ಅದೇ ಪೈನ್ ಕಾಡು. ಅಲ್ಲಿನ ಜನ ಅದನ್ನು ಕರೆಯುವುದೇ ‘ಕಳೆದುಹೋದ ಪೈನ್‌ಗಳು’ ಎಂದು.

ನನ್ನ ಪ್ರಶ್ನೆ ಇಷ್ಟೇ. ಇಂಥ ಮರಗಳು ಹಿಂದೆ ಉಳಿದವೋ, ಮುಂದೆ ಓಡಿ ಬಂದವೋ? ಮುಖ್ಯ ಕಾಡು ಗಟ್ಟಿಯಾಗಿರುವಾಗ ಇವನ್ನು ಬೇರೆಯಾಗಿ ಕಾಪಾಡುವುದರಲ್ಲಿ ಅರ್ಥವಿದೆಯಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಹಳೆಬೇರು

ಎರಡೂ ಇರಬಹುದು. ಬರೀ ಚುಕ್ಕೆ ನೋಡಿ ಹೇಳಲು ಆಗುವುದಿಲ್ಲ.

ಹಿಮಯುಗ ಮುಗಿದು ಸುಮಾರು 11,700 ವರ್ಷ ಆಯಿತು. ಅಂದಿನಿಂದ ತಂಪು ಬಯಸುವ ಕಾಡುಗಳು ಧ್ರುವದ ಕಡೆಗೋ ಬೆಟ್ಟದ ಮೇಲಕ್ಕೋ ಸರಿಯುತ್ತಲೇ ಇವೆ. ಸರಿಯುವ ಕಾಡಿಗೆ ಎರಡು ಅಂಚು. ಮುಂದಿನ ಅಂಚಿನಲ್ಲಿ ಹೊಸಬರು ಇರುತ್ತಾರೆ, ಹಿಂದಿನ ಅಂಚಿನಲ್ಲಿ ಹಳಬರು.

ಮುಂದಿನ ಅಂಚಿಗೆ ಒಳ್ಳೆಯ ಉದಾಹರಣೆ ಕೆನಡಾದ ಯೂಕಾನ್ ಕಡೆಯ ಲಾಡ್ಜ್‌ಪೋಲ್ ಪೈನ್. ಅದು ಉತ್ತರಕ್ಕೆ ಬಂದ ದಾರಿಯನ್ನು ಕೆರೆಗಳ ಕೆಸರಿನಲ್ಲಿ ಪದರ ಪದರವಾಗಿ ಸಿಕ್ಕ ಪರಾಗದಿಂದ ಗುರುತಿಸಿದ್ದಾರೆ. 1987ರಲ್ಲಿ ಸ್ವಿನಾರ್ ಮತ್ತು ಮ್ಯಾಕ್‌ಡೊನಾಲ್ಡ್ ಇನ್ನೊಂದು ವಿಷಯ ತೋರಿಸಿದರು. ಉತ್ತರಕ್ಕೆ ಹೋದಷ್ಟೂ ಪೈನ್ ಬಂದು ನೆಲೆಸಿದ ಕಾಲ ಈಚಿನದು, ಬೀಜವೂ ಹಗುರ. ಹಗುರ ಬೀಜ ತಾನೇ ಗಾಳಿಯಲ್ಲಿ ದೂರ ಹೋಗುವುದು! ಮುಂದೆ ಹೋಗಿ ನೆಲೆಯೂರಿದ್ದು ಅಂಥ ಬೀಜದ ಮಕ್ಕಳೇ.

ಹಿಂದಿನ ಅಂಚಿನವು ಬೇರೆ ತರಹ. ನೆಬ್ರಾಸ್ಕದ ನಯೋಬ್ರಾರ ನದಿ ಕಣಿವೆಯಲ್ಲಿ ಪೇಪರ್ ಬರ್ಚ್ ಮರಗಳಿವೆ. ಅವುಗಳ ಮುಖ್ಯ ಕಾಡು ನೂರಾರು ಕಿ.ಮೀ. ಉತ್ತರದಲ್ಲಿದೆ. ಸುತ್ತ ಎಲ್ಲಿ ನೋಡಿದರೂ ಹುಲ್ಲುಗಾವಲು. ಆದರೆ ಕಣಿವೆಯ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ನೇರ ಬಿಸಿಲು ಬೀಳುವುದು ಕಡಿಮೆ, ನೆಲದಡಿಯ ತಣ್ಣನೆಯ ನೀರು ಅಲ್ಲಿ ಜಿನುಗುತ್ತಿರುತ್ತದೆ. ಹಿಮಯುಗದ ತಂಪು ಆ ಒಂದು ಪಟ್ಟಿಯಲ್ಲಿ ಇನ್ನೂ ಉಳಿದಿದೆ ಅನ್ನಬಹುದು.

ನೀಲಗಿರಿಯ ಕೆಂಪು ರೋಡೋಡೆಂಡ್ರನ್ ಕೂಡ ಇದೇ ಸಾಲಿಗೆ ಸೇರುತ್ತದೆ. ಅದರ ಹೆಚ್ಚಿನ ನೆಂಟರು ಹಿಮಾಲಯದಲ್ಲಿದ್ದಾರೆ. ನಡುವೆ 2000 ಕಿ.ಮೀ.ಗೂ ಜಾಸ್ತಿ ದೂರ, ಅಷ್ಟೂ ದಾರಿ ಅದಕ್ಕೆ ಬಾಳಲಾಗದ ಬಿಸಿ ನೆಲ.

ಗರಗಸ

ಕೇಳಲು ಚೆನ್ನಾಗಿದೆ. ಸ್ವಲ್ಪ ಕಹಿ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಿಂದೆ ಉಳಿದವು ಅಂದರೆ ಹೋಗಲು ಬಾಕಿ ಇರುವವು. ಹತ್ತಾರು ಮರ ಮಾತ್ರ ಇದ್ದರೆ ಪರಾಗ ಬರುವುದೂ ಅಣ್ಣತಮ್ಮಂದಿರಿಂದಲೇ. ಬೀಜ ಜೊಳ್ಳಾಗುತ್ತದೆ, ಸಸಿ ಬಡಕಲಾಗುತ್ತದೆ, ತಳಿ ವೈವಿಧ್ಯ ಕರಗುತ್ತದೆ. ಕ್ಯಾಲಿಫೋರ್ನಿಯಾದ ಟಾರಿ ಪೈನ್ ನೋಡಿ. ಸ್ಯಾನ್ ಡಿಯಾಗೊ ಹತ್ತಿರ ಒಂದು ಗುಂಪು, ಸಾಂಟಾ ರೋಸಾ ದ್ವೀಪದಲ್ಲಿ ಇನ್ನೊಂದು, ಮುಗಿಯಿತು. 1983ರಲ್ಲಿ ಲೆಡಿಗ್ ಮತ್ತು ಕಾಂಕಲ್ ತಳಿ ವೈವಿಧ್ಯ ಅಳೆಯಲು ಅದರ ಕಿಣ್ವಗಳನ್ನು ಪರೀಕ್ಷಿಸಿದಾಗ ಒಂದೊಂದು ಗುಂಪಿನ ಒಳಗೆ ವ್ಯತ್ಯಾಸವೇ ಸಿಗಲಿಲ್ಲ. ಎಲ್ಲಾ ಒಂದೇ ಅಚ್ಚು.

ಕಾಡಿಗೆ ಸಿಗುವ ದುಡ್ಡು, ಜನ ಎರಡೂ ಕಡಿಮೆ. ಗಟ್ಟಿ ಇರುವ ನಡುಕಾಡನ್ನು ಬಿಟ್ಟು ಚುಕ್ಕೆಯ ಹಿಂದೆ ಓಡುವುದು ಜಾಣತನವಾ?

ಒರಟುತೊಗಟೆ

ಗರಗಸ ಅವರೇ, ನಕ್ಷೆಹುಳ ಹೇಳಿದ ಬ್ಯಾಸ್ಟ್ರಪ್ ಪೈನ್‌ಗಳ ಉಳಿದರ್ಧ ಕತೆ ಕೇಳಿ.

2011ರ ಸೆಪ್ಟೆಂಬರ್ 4. ಟೆಕ್ಸಸ್‌ನಲ್ಲಿ ಭಯಂಕರ ಬರಗಾಲ. ಅದರ ಮೇಲೆ ಜೋರು ಗಾಳಿ, ಬೆಂಕಿ. 30,000 ಎಕರೆಗೂ ಜಾಸ್ತಿ ಸುಟ್ಟಿತು. 1,600ಕ್ಕೂ ಹೆಚ್ಚು ಮನೆ ಹೋದವು, ಇಬ್ಬರು ಸತ್ತರು. ಅಲ್ಲಿನ ಸರ್ಕಾರಿ ಉದ್ಯಾನದ ಕಾಡು ಬಹುಪಾಲು ಬೂದಿಯಾಯಿತು.

ಮತ್ತೆ ನೆಡಬೇಕು. ಪೂರ್ವ ಟೆಕ್ಸಸ್‌ನ ಲಾಬ್ಲಾಲಿ ಸಸಿ ಬೇಕಾದಷ್ಟು ಸಿಗುತ್ತದೆ, ಜಾತಿಯೂ ಒಂದೇ. ಆದರೆ ಅವು ಜಾಸ್ತಿ ಮಳೆಯ ನೆಲದ ಮರಗಳು. ಬ್ಯಾಸ್ಟ್ರಪ್ ಪೈನ್‌ಗಳು ತಲೆತಲಾಂತರದಿಂದ ಒಣ ನೆಲದಲ್ಲಿ ಸೋಸಿ ಉಳಿದವು. ಒಣ ಜಾಗದಲ್ಲಿ ಇವುಗಳ ಸಸಿ ಜಾಸ್ತಿ ಬದುಕುತ್ತದೆ ಎಂದು ಅಲ್ಲಿನ ಅರಣ್ಯ ವಿಜ್ಞಾನಿಗಳು ದಶಕಗಳ ಹಿಂದೆಯೇ ನೆಟ್ಟು ನೋಡಿ ತಿಳಿದಿದ್ದರು. ಆಗ ಕೂಡಿಸಿದ ಬೀಜ ಶೀತಲ ಗೋದಾಮಿನಲ್ಲಿ ಇನ್ನೂ ಇತ್ತು. ಕೇಳುವವರಿಲ್ಲ ಎಂದು ಎಸೆಯುವ ಹಂತಕ್ಕೆ ಬಂದಿತ್ತು. ಕೊನೆಗೆ ಆ ಬೀಜದಿಂದಲೇ ಲಕ್ಷಗಟ್ಟಲೆ ಸಸಿ ಎಬ್ಬಿಸಿದರು.

ಈಗ ಹೇಳಿ, ಮುಖ್ಯ ಕಾಡಿನ ಕಡೆಗೂ ಮಳೆ ಕಡಿಮೆಯಾಗುತ್ತಾ ಹೋದರೆ ಯಾರ ಬೀಜ ಬೇಕಾಗುತ್ತದೆ?

ಎಲೆಮರೆ

ಎಸೆಯುವ ಹಂತಕ್ಕೆ ಬಂದಿತ್ತಾ! ಓದಿ ಎದೆ ಝಲ್ಲೆಂದಿತು.

ಪರಾಗಪುಡಿ

ಗರಗಸ ಹೇಳಿದ ‘ಜೊಳ್ಳು ಬೀಜ’ದ ಬಗ್ಗೆ ಒಂದು ಮಾತು. ಅಂಚಿನಲ್ಲಿ ಬೀಜ ಜೊಳ್ಳಾಗಲು ನೆಂಟಸ್ತನವೇ ಕಾರಣ ಆಗಬೇಕಿಲ್ಲ. ನನಗೆ ತುಂಬಾ ಇಷ್ಟವಾದ ಕತೆ ಇದು, ಉದ್ದ ಆದರೆ ಕ್ಷಮಿಸಿ.

ಇಂಗ್ಲೆಂಡಿನ ಉತ್ತರದಲ್ಲಿ ಲೇಕ್ ಡಿಸ್ಟ್ರಿಕ್ಟ್ ಎಂಬ ಬೆಟ್ಟಸೀಮೆ. ಅಲ್ಲಿ ಸಣ್ಣೆಲೆಯ ಲಿಂಡೆನ್ ಮರಗಳಿವೆ. ಆ ಜಾತಿಗೆ ಬ್ರಿಟನ್ನಿನಲ್ಲಿ ಅದೇ ಉತ್ತರದ ಗಡಿ. ಮರಗಳು ದಪ್ಪಗಿವೆ, ಚೆನ್ನಾಗಿವೆ, ಹೂ ಬಿಡುತ್ತವೆ, ಜೇನ್ನೊಣವೂ ಬರುತ್ತದೆ. ಆದರೆ ಬೀಜದಿಂದ ಹುಟ್ಟಿದ ಎಳೆ ಮರ ಹುಡುಕಿದರೂ ಸಿಗುವುದು ಕಷ್ಟ. ಯಾಕೆ?

ಪಿಗಟ್ ಮತ್ತು ಹಂಟ್ಲಿ ಎಂಬ ಇಬ್ಬರು ಇದನ್ನು ಬೆನ್ನು ಹತ್ತಿದರು. 1978ರಿಂದ 1981ರ ಒಳಗೆ ಮೂರು ಕಂತಿನಲ್ಲಿ ಬರೆದರು. ಹೂವಿನ ತುದಿಗೆ ಪರಾಗ ಬಿದ್ದ ಮೇಲೆ ಅದರಿಂದ ಒಂದು ಸಣ್ಣ ನಳಿಕೆ ಹೊರಟು ಕೆಳಗಿಳಿದು ಅಂಡವನ್ನು ಮುಟ್ಟಬೇಕು. ಆ ನಳಿಕೆ ಎಷ್ಟು ಬೇಗ ಬೆಳೆಯುತ್ತದೆ ಎಂಬುದು ಬಿಸಿಯ ಮೇಲೆ ನಿಂತಿದೆ. ಅಲ್ಲಿನ ಮಾಮೂಲಿ ಬೇಸಿಗೆಯ ತಂಪಿನಲ್ಲಿ ಅದು ತೆವಳುತ್ತದೆ. ಅದು ಅಂಡ ತಲುಪುವಷ್ಟರಲ್ಲಿ ಹೂವಿನ ಸಮಯ ಮುಗಿದಿರುತ್ತದೆ. ಕಾಯಿ ಆಗುತ್ತದೆ, ಒಳಗೆ ಏನೂ ಇರುವುದಿಲ್ಲ. ಎಲೆಗೆ ಸಾಕಾಗುವ ಬಿಸಿಲು, ಬೇರಿಗೆ ಸಾಕಾಗುವ ನೀರು ಎಲ್ಲಾ ಇದೆ. ಸಾಲದೆ ಹೋಗಿದ್ದು ಒಂದು ಕೂದಲೆಳೆ ನಳಿಕೆಗೆ ಮಾತ್ರ.

ಹಾಗಾದರೆ ಆ ಮರಗಳು ಬಂದದ್ದು ಯಾವಾಗ? ಸಾವಿರಾರು ವರ್ಷಗಳ ಹಿಂದೆ, ಅಲ್ಲಿನ ಬೇಸಿಗೆ ಈಗಿಗಿಂತ ಬೆಚ್ಚಗಿದ್ದಾಗ. ಆಮೇಲೆ ತಂಪಾಯಿತು, ಬೀಜ ನಿಂತಿತು. ಆದರೆ ಲಿಂಡೆನ್ ಸಾಯುವುದರಲ್ಲಿ ಬಹಳ ಸೋಮಾರಿ. ಕಾಂಡ ಬಿದ್ದರೆ ಬುಡದಿಂದ ಚಿಗುರುತ್ತದೆ, ಆ ಚಿಗುರೇ ಮತ್ತೆ ಮರ. ಹೀಗೆ ಒಂದೊಂದು ಬುಡ ಸಾವಿರ ವರ್ಷ ದಾಟಿದೆ. ಬಿಸಿಲು ಜೋರಾದ ಅಪರೂಪದ ಬೇಸಿಗೆಗಳಲ್ಲಿ ಗಟ್ಟಿ ಬೀಜವೂ ಆಗುತ್ತದೆ. ಮೊಳೆತರೆ ಕುರಿ ಮೇಯ್ದು ಹೋಗುತ್ತದೆ, ಅದು ಬೇರೆ ಮಾತು.

ಅಂದರೆ ಮರ ಉಳಿದಿದೆ ಅನ್ನುವುದಕ್ಕೂ ಸಂತತಿ ಉಳಿದಿದೆ ಅನ್ನುವುದಕ್ಕೂ ತುಂಬಾ ದೂರ.

ನಕ್ಷೆಹುಳ

ಪರಾಗಪುಡಿ ಅವರೇ, ಇದು ನನ್ನ ತಲೆಗೇ ಬಂದಿರಲಿಲ್ಲ. ನಕ್ಷೆಯಲ್ಲಿ ಈ ಲಿಂಡೆನ್‌ಗೂ ಹಸಿರೇ, ಸಸಿ ಕಿಕ್ಕಿರಿದ ಕಾಡಿಗೂ ಹಸಿರೇ. ಮುದುಕರು ಮಾತ್ರ ಉಳಿದ ಮನೆಗೂ ಮಕ್ಕಳು ತುಂಬಿದ ಮನೆಗೂ ಒಂದೇ ಬಣ್ಣ ಬಳಿದ ಹಾಗಾಯಿತು.

ಮರಳುಗಾಳಿ

ಮುದುಕರ ಮಾತು ಬಂತಲ್ಲ, ಸಹರಾ ಮರುಭೂಮಿಗೆ ಬನ್ನಿ.

ಅಲ್ಜೀರಿಯಾದ ತಸ್ಸಿಲಿ ಪ್ರಸ್ಥಭೂಮಿಯಲ್ಲಿ ಒಂದು ಸೈಪ್ರೆಸ್ ಇದೆ. ಬದುಕಿರುವವು 233 ಮರ ಎಂದು ಎಣಿಸಿದ್ದಾರೆ. ಕೆಲವಕ್ಕೆ 2000 ವರ್ಷ ಆಗಿದೆ ಎಂದು ಅಂದಾಜು. ಸಹರಾ ಹಸಿರಾಗಿದ್ದ ಕಾಲದ ಪಳೆಯುಳಿಕೆ ಅನ್ನಿ. ಸಸಿ ಹುಟ್ಟುವುದು ತೀರಾ ಅಪರೂಪ.

ಇದರ ವಿಚಿತ್ರ ಏನು ಗೊತ್ತಾ? 2001ರಲ್ಲಿ ಗೊತ್ತಾಯಿತು, ಇದರ ಬೀಜದೊಳಗಿನ ಭ್ರೂಣ ಬೆಳೆಯುವುದು ಬರೀ ಪರಾಗದಿಂದ. ತಾಯಿಯ ಪಾಲು ಏನೂ ಇಲ್ಲ, ಪೋಷಣೆ ಅಷ್ಟೇ. ಮೆಡಿಟರೇನಿಯನ್ ಕಡೆಯ ಮಾಮೂಲಿ ಸೈಪ್ರೆಸ್ ಮರದ ಮೇಲೆ ಇದರ ಪರಾಗ ಹಾಕಿದರೆ ಆ ಪರಕೀಯ ತಾಯಿಯ ಬೀಜದಲ್ಲೂ ತಸ್ಸಿಲಿ ಸೈಪ್ರೆಸ್ಸೇ ಹುಟ್ಟಬಹುದು. ಬಾಡಿಗೆ ತಾಯಿ! ಮರಗಳಲ್ಲಿ ಇಂಥದ್ದು ಕಂಡದ್ದು ಅದೇ ಮೊದಲು.

ಒಂಟಿತನಕ್ಕೆ ಇಂಥ ದಾರಿ ಹುಡುಕಿಕೊಂಡ ಮರವನ್ನು ‘ಹೋಗಲು ಬಾಕಿ’ ಅಂತ ಬರೆದು ಪಕ್ಕಕ್ಕಿಡಲು ನನಗಂತೂ ಮನಸ್ಸು ಬರುವುದಿಲ್ಲ.

ಗರಗಸ

ಮರಳುಗಾಳಿ, ಕತೆ ಸೂಪರ್. ಆದರೆ ಮನಸ್ಸು ಬರುವುದಿಲ್ಲ ಅನ್ನುವುದು ವಾದ ಅಲ್ಲ. ಅದೇ ಸಹರಾದಲ್ಲಿ ತೆನೆರೆ ಮರ ಇತ್ತಲ್ಲ. ನೈಜರ್ ದೇಶದ ಒಂಟಿ ಅಕೇಶಿಯಾ, ಸುತ್ತ ನೂರಾರು ಕಿ.ಮೀ. ಬೇರೆ ಮರವಿಲ್ಲ. ಹತ್ತಿರ ಬಾವಿ ತೋಡಿದಾಗ ಅದರ ಬೇರು 30 ಮೀಟರ್‌ಗೂ ಆಳಕ್ಕೆ ಇಳಿದು ನೀರು ಮುಟ್ಟಿದ್ದು ಕಂಡಿತು. ಏನು ಹಟ! ಕೊನೆಗೆ 1973ರಲ್ಲಿ ಒಂದು ಲಾರಿ ಗುದ್ದಿತು, ಮರ ಬಿತ್ತು. ಅಷ್ಟು ದೊಡ್ಡ ಬಯಲಲ್ಲಿ ಗುದ್ದಲು ಇದ್ದದ್ದು ಅದೊಂದೇ. ಈಗ ಅಲ್ಲಿ ಲೋಹದ ಕಂಬ ನಿಲ್ಲಿಸಿದ್ದಾರೆ. ಸಂಖ್ಯೆ ಕಡಿಮೆಯಾದರೆ ಸಾಯಲು ದೊಡ್ಡ ಕಾರಣ ಬೇಕಾಗಿಲ್ಲ, ನಾನು ಹೇಳುವುದು ಅದನ್ನೇ.

ಬ್ಯಾಸ್ಟ್ರಪ್ ವಿಷಯದಲ್ಲಿ ಮಾತ್ರ ನಾನು ಸೋತೆ, ಒಪ್ಪುತ್ತೇನೆ. ಆದರೂ ಇನ್ನೊಂದು ಪ್ರಶ್ನೆ. ಇವು ಇಷ್ಟು ಬೆಲೆಬಾಳುವುದಾದರೆ ನಡುಕಾಡಿನಿಂದ ಪರಾಗ ತಂದು ಬೆರೆಸಿ ಬಲ ತುಂಬಬಹುದಲ್ಲ?

ಹಳೆಬೇರು

ಅಲ್ಲೇ ಇರುವುದು ತಕರಾರು. 1956ರಲ್ಲೇ ಜೀವವಿಜ್ಞಾನಿ ಹಾಲ್ಡೇನ್ ಎಚ್ಚರಿಸಿದ್ದರು. ನಡುವಿನಿಂದ ಅಂಚಿಗೆ ವಂಶವಾಹಿಗಳು ಸದಾ ಹರಿದು ಬರುತ್ತಿದ್ದರೆ ಅಂಚಿನವು ತಮ್ಮ ಜಾಗಕ್ಕೆ ಒಗ್ಗಿಕೊಳ್ಳಲು ಆಗುವುದೇ ಇಲ್ಲ. ಪ್ರತಿ ಸಲ ಒಣ ನೆಲಕ್ಕೆ ತಕ್ಕಂತೆ ಬದಲಾಗಲು ಹೊರಟಾಗ ತೇವದ ನೆಲದ ಪರಾಗ ಬಂದು ಅಳಿಸಿ ಹಾಕುತ್ತದೆ. ದೂರ ಇರುವ ಚುಕ್ಕೆಗೆ ಆ ಕಾಟ ಇಲ್ಲ. ಬ್ಯಾಸ್ಟ್ರಪ್ ಪೈನ್ ಬ್ಯಾಸ್ಟ್ರಪ್ ಪೈನ್ ಆಗಲು ಆ 160 ಕಿ.ಮೀ. ಅಂತರವೂ ಒಂದು ಕಾರಣ ಇರಬಹುದು.

ಅದಕ್ಕೆ ಉಲ್ಟಾ, ಮರಗಳು ತೀರಾ ಕಡಿಮೆಯಾಗಿ ಬೀಜವೇ ಜೊಳ್ಳಾಗುತ್ತಿದ್ದರೆ ಹೊರಗಿನ ಪರಾಗ ಜೀವ ಉಳಿಸುತ್ತದೆ. ಎಲ್ಲಾ ಚುಕ್ಕೆಗೂ ಒಂದೇ ಔಷಧಿ ಇಲ್ಲ.

ಅಂದಹಾಗೆ ಅಂಚಿನವು ಬಡವು ಎನ್ನುವ ಮಾತನ್ನೂ ಅಳೆದು ನೋಡಿದ್ದಾರೆ. 2008ರಲ್ಲಿ ಎಕರ್ಟ್ ಮತ್ತು ಜೊತೆಗಾರರು 134 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸುಮಾರು 64 ಶೇಕಡಾದಲ್ಲಿ ಅಂಚಿನ ಕಡೆ ವೈವಿಧ್ಯ ಕಡಿಮೆಯೇ. ಆದರೆ ವ್ಯತ್ಯಾಸ ಹೆಚ್ಚಾಗಿ ಸಣ್ಣದು. ಅದಕ್ಕೂ ಮೊದಲು, 2005ರಲ್ಲಿ, ಹ್ಯಾಂಪೆ ಮತ್ತು ಪೆಟಿ ಹಿಂದಿನ ಅಂಚಿನ ಪರವಾಗಿಯೇ ಬರೆದರು. ಅಲ್ಲಿ ಒಂದೊಂದು ಗುಂಪಿನ ಒಳಗೆ ವೈವಿಧ್ಯ ಕಡಿಮೆ ಇರಬಹುದು, ಆದರೆ ಗುಂಪಿಗೂ ಗುಂಪಿಗೂ ತುಂಬಾ ವ್ಯತ್ಯಾಸ. ಹತ್ತು ಚುಕ್ಕೆಯಲ್ಲಿ ಒಂದು ಹೋದರೆ ಉಳಿದ ಒಂಬತ್ತು ಅದರ ಜಾಗ ತುಂಬುವುದಿಲ್ಲ.

ತಾಳೆಗರಿ

ನೀವೆಲ್ಲ ‘ಹಿಮಯುಗದ ಉಳಿಕೆ’, ‘ಪಳೆಯುಳಿಕೆ’ ಅಂತ ಧೈರ್ಯವಾಗಿ ಹೇಳುತ್ತಿದ್ದೀರಿ. ಸ್ವಲ್ಪ ನಿಧಾನ.

ಆಸ್ಟ್ರೇಲಿಯಾದ ನಟ್ಟನಡುವೆ, ಒಣ ಕೆಂಪು ನೆಲದಲ್ಲಿ, ಪಾಮ್ ವ್ಯಾಲಿ ಎಂಬ ಕೊರಕಲು ಇದೆ. ಅಲ್ಲಿ ಎತ್ತರದ ಲಿವಿಸ್ಟೋನ ತಾಳೆಮರಗಳ ಒಂದು ಗುಂಪು. ಹತ್ತಿರದ ಸಂಬಂಧಿಕರು ಉತ್ತರಕ್ಕೆ ಸುಮಾರು 1000 ಕಿ.ಮೀ. ದೂರ. ಎಲ್ಲರೂ ಏನೆಂದುಕೊಂಡಿದ್ದರು? ಖಂಡದ ನಡುವೆಲ್ಲ ಮಳೆಕಾಡು ಇದ್ದ ಕಾಲದ್ದು, ಕೋಟ್ಯಂತರ ವರ್ಷ ಹಳೆಯ ಉಳಿಕೆ ಎಂದು. ಪಠ್ಯದಲ್ಲಿ ಕೊಡುವಂಥ ಉದಾಹರಣೆ.

2012ರಲ್ಲಿ ಡಿಎನ್‌ಎ ನೋಡಿದರು. ಉತ್ತರದ ತಾಳೆಗಳಿಂದ ಇವು ಬೇರೆಯಾಗಿ ಸುಮಾರು 15,000 ವರ್ಷ ಆಗಿದೆ, ಅಷ್ಟೇ. ಆಗ ನಡುಭಾಗ ಈಗಿನಂತೆಯೇ ಒಣಗಿತ್ತು. ಹಾಗಾದರೆ ಬೀಜ ಬಂದದ್ದು ಹೇಗೆ? ಮನುಷ್ಯರು ತಂದಿರಬೇಕು ಎಂಬ ಊಹೆ ಬಂತು. ಆಮೇಲೆ 2015ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಕಾರ್ಲ್ ಸ್ಟ್ರೆಲೋ ಎಂಬ ಪಾದ್ರಿ 1894ರಲ್ಲೇ ಅಲ್ಲಿನ ಮೂಲನಿವಾಸಿಗಳ ಒಂದು ಕತೆ ಬರೆದಿಟ್ಟಿದ್ದರು. ಉತ್ತರದ ದೇವತೆಗಳು ಆ ಬೀಜಗಳನ್ನು ಇಲ್ಲಿಗೆ ತಂದರು ಎಂಬ ಕತೆ!

ವಿಜ್ಞಾನಿಗಳಿಗಿಂತ ನೂರು ವರ್ಷ ಮೊದಲೇ ಉತ್ತರ ಬರೆದಿಟ್ಟಿತ್ತು. ಕತೆ ಅಂತ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಎಲೆಮರೆ

ಅಂದರೆ ಮನುಷ್ಯರು ತಂದದ್ದಾದರೆ ಕಾಪಾಡಬೇಕಿಲ್ಲ ಅಂತಾನಾ?

ತಾಳೆಗರಿ

ಅಯ್ಯೋ ಇಲ್ಲ. ಹದಿನೈದು ಸಾವಿರ ವರ್ಷ ಅಲ್ಲಿ ಬಾಳಿದ್ದಕ್ಕಿಂತ ದೊಡ್ಡ ಹಕ್ಕುಪತ್ರ ಇನ್ನೇನು ಬೇಕು? ನಾನು ಹೇಳುತ್ತಿರುವುದು, ಹೆಸರಿಡುವ ಮೊದಲು ಪರೀಕ್ಷಿಸಿ ಎಂದು.

ಹೊಸಚಿಗುರು

ತಂದು ನೆಡುವ ಮಾತು ಬಂದದ್ದರಿಂದ ಫ್ಲಾರಿಡಾದ ಟೊರೆಯ ಮರವನ್ನು ನೆನಪಿಸುತ್ತೇನೆ. ಅಪಲಾಚಿಕೋಲ ನದಿಯ ಪಕ್ಕದ ಕೊರಕಲುಗಳಲ್ಲಿ ಬಿಟ್ಟರೆ ಕಾಡಿನಲ್ಲಿ ಇನ್ನೆಲ್ಲೂ ಇಲ್ಲ. ಹಿಮಯುಗದಲ್ಲಿ ತೆಂಕಣಕ್ಕೆ ಬಂದು ವಾಪಸ್ ಹೋಗಲಾಗದೆ ಸಿಕ್ಕಿಹಾಕಿಕೊಂಡಿದೆ ಎಂದು ಹಲವರ ನಂಬಿಕೆ. 1950ರ ಹೊತ್ತಿಗೆ ಶಿಲೀಂಧ್ರ ರೋಗ ತಗಲಿ ದೊಡ್ಡ ಮರಗಳು ಸತ್ತವು. ಈಗ ಬುಡದಿಂದ ಚಿಗುರುತ್ತವೆ, ಬೀಜ ಬಿಡುವ ವಯಸ್ಸಿಗೆ ಮೊದಲೇ ಒಣಗುತ್ತವೆ.

2008ರಲ್ಲಿ ಕೆಲವು ಹವ್ಯಾಸಿಗಳು ಸೇರಿ ಇದರ ಸಸಿಗಳನ್ನು ನಾರ್ತ್ ಕೆರೊಲಿನಾದ ತಂಪು ಬೆಟ್ಟಗಳಲ್ಲಿ ನೆಟ್ಟುಬಿಟ್ಟರು. ಅಲ್ಲಿಂದ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ರೋಗವನ್ನೂ ಜೊತೆಗೆ ಕೊಂಡೊಯ್ದರೆ? ಹೊಸ ಜಾಗದ ಕಾಡಿಗೆ ತೊಂದರೆ ಆದರೆ? ಹಾಗಂತ ಸುಮ್ನೆ ನೋಡುತ್ತಾ ಕೂರುವುದಾ?

ನನಗೆ ಕೂರಲು ಆಗುವುದಿಲ್ಲ. ಫ್ರಾಂಕ್ಲಿನಿಯ ಎಂಬ ಮರ ಇದೆ. 1765ರಲ್ಲಿ ಬಾರ್ಟ್ರಮ್ ಅಪ್ಪಮಗ ಜಾರ್ಜಿಯಾದ ಒಂದು ನದಿ ದಂಡೆಯಲ್ಲಿ ಕಂಡರು. ಮಗ ಆಮೇಲೆ ಬೀಜ ತಂದು ತೋಟದಲ್ಲಿ ಬೆಳೆಸಿದ. 1803ರ ನಂತರ ಕಾಡಿನಲ್ಲಿ ಅದನ್ನು ಯಾರೂ ಕಂಡಿಲ್ಲ. ಇಂದು ಲೋಕದಲ್ಲಿರುವ ಫ್ರಾಂಕ್ಲಿನಿಯಗಳೆಲ್ಲ ಅವರು ತಂದ ಬೀಜದ ಸಂತತಿ.

ಒರಟುತೊಗಟೆ

ಬೀಜ ಎತ್ತಿಡುವುದಕ್ಕೆ ನನ್ನ ಎರಡೂ ಕೈ ಮೇಲೆ. ಆದರೆ ಮರವನ್ನು ಬೇರೆಡೆಗೆ ಒಯ್ಯುವ ಮೊದಲು ಇದ್ದಲ್ಲಿ ಏನು ಅಡ್ಡಿ ಅಂತ ನೋಡಬೇಕು. ಕೆಲವೊಮ್ಮೆ ಉತ್ತರ ತೀರಾ ಸಾದಾ.

ಮಾಂಟೆರೆ ಪೈನ್ ಗೊತ್ತಲ್ಲ? ಬೇರೆ ದೇಶಗಳಲ್ಲಿ 40 ಲಕ್ಷ ಹೆಕ್ಟೇರ್‌ನಷ್ಟು ನೆಡುತೋಪು ಇದೆ. ಆದರೆ ಅದು ತಾನಾಗಿ ಬೆಳೆಯುವ ಜಾಗ ಐದೇ. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಮೂರು, ಮೆಕ್ಸಿಕೋದ ದ್ವೀಪಗಳಲ್ಲಿ ಎರಡು. ಆ ಎರಡರಲ್ಲಿ ಒಂದಾದ ಗ್ವಾಡಲೂಪೆ ದ್ವೀಪದಲ್ಲಿ 2000ದ ಹೊತ್ತಿಗೆ ಸುಮಾರು 220 ಹಳೆ ಮರ ಉಳಿದಿದ್ದವು. ಒಂದೂ ಸಸಿ ಇಲ್ಲ. ಹವೆ ಕೆಟ್ಟಿತಾ? ತಳಿ ಸೊರಗಿತಾ? ಯಾವುದೂ ಅಲ್ಲ. ಹಿಂದೆ ಹಡಗಿನವರು ಬಿಟ್ಟುಹೋದ ಆಡುಗಳು ಹುಟ್ಟಿದ ಸಸಿಯನ್ನೆಲ್ಲ ಮೇಯುತ್ತಿದ್ದವು. ಬೇಲಿ ಹಾಕಿ, ಆಡುಗಳನ್ನು ತೆಗೆದ ಮೇಲೆ ಸಸಿಗಳು ತಾವಾಗಿ ಎದ್ದವು.

ಉಂಗುರ

ಚರ್ಚೆ ಮುಗಿಯುವ ಮೊದಲು ಒಂದು ಸಣ್ಣ ಸೇರ್ಪಡೆ. ಮರದ ಉಂಗುರ ಓದಿ ಹಳೆಯ ಮಳೆ-ಬರ ಲೆಕ್ಕ ಹಾಕುವವರು ನಡುಕಾಡಿನ ಸುಖದ ಮರಗಳನ್ನು ಅಷ್ಟಾಗಿ ಇಷ್ಟಪಡುವುದಿಲ್ಲ. ಅವಕ್ಕೆ ಪ್ರತಿ ವರ್ಷವೂ ಸಾಕಷ್ಟು ನೀರು, ಉಂಗುರಗಳೆಲ್ಲ ಹೆಚ್ಚುಕಡಿಮೆ ಒಂದೇ ಅಗಲ. ಹುಡುಕಿಕೊಂಡು ಹೋಗುವುದು ಅಂಚಿನ ಮರಗಳನ್ನೇ. ಅವು ಒಂದು ಮಳೆ ತಪ್ಪಿದರೂ ತೆಳು ಉಂಗುರದಲ್ಲಿ ಬರೆದಿಡುತ್ತವೆ. ಗರಗಸ ಅವರು ಕಡಿಯುವ ಮೊದಲು ನಮಗೊಂದು ಮಾತು ಹೇಳಲಿ :)

ಗರಗಸ

ಹೆಸರು ಮಾತ್ರ ಗರಗಸ ಮಾರಾಯ್ರೇ, ನನ್ನ ಕೈಯಲ್ಲಿ ಇರುವುದು ಎಣಿಸುವ ಪುಸ್ತಕ. ನನ್ನ ಕೆಲಸವೇ ಅದು.

ಅಂಥ ಗುಂಪಿಗೆ ಹೋದರೆ ದೊಡ್ಡ ಮರದ ಫೋಟೋ ತೆಗೆಯುವ ಮೊದಲು ಬಗ್ಗಿ ನೆಲ ನೋಡಿ. ಈ ವರ್ಷದ ಮೊಳಕೆ, ಮೊಣಕಾಲೆತ್ತರದ್ದು, ತೋಳು ದಪ್ಪದ್ದು, ಈ ಮೂರೂ ಇದ್ದರೆ ನಿಶ್ಚಿಂತೆ. ಮೊಳಕೆ ಇದ್ದು ಮೊಣಕಾಲೆತ್ತರದ್ದು ಇಲ್ಲದಿದ್ದರೆ ಮೇಯುವ ಬಾಯಿ ಹುಡುಕಿ. ಮೊಳಕೆಯೇ ಇಲ್ಲದಿದ್ದರೆ ಒಂದಷ್ಟು ಕಾಯಿ ಸೀಳಿ ನೋಡಿ. ಜೊಳ್ಳಾದರೆ ಪರಾಗದ ತೊಂದರೆ. ಗಟ್ಟಿ ಬೀಜ ಇದ್ದೂ ಮೊಳೆಯದಿದ್ದರೆ ನೆಲದ್ದೋ ನೀರಿನದ್ದೋ.

ನಕ್ಷೆಹುಳ

ಎಲ್ಲರಿಗೂ ಥ್ಯಾಂಕ್ಸ್. ಈ ಮಾತು ಶುರುವಾದಾಗಿಂದ ನನ್ನ ನಕ್ಷೆಗಳ ಮೇಲೆ ನನಗೇ ಅನುಮಾನ. ಸಿಸಿಲಿಯ ನೆಬ್ರೋಡಿ ಫರ್ ನೋಡಿದೆ. ಬೆಟ್ಟದ ಮೇಲೆ ಇರುವುದು ಸುಮಾರು 30 ದೊಡ್ಡ ಮರ. ನಕ್ಷೆಯ ಚುಕ್ಕೆ ಕಣ್ಣಿಗೆ ಕಾಣಲಿ ಎಂದು ಹತ್ತಾರು ಕಿ.ಮೀ. ಅಗಲಕ್ಕೆ ಹಾಕಿದ್ದಾರೆ. ಒಂದೊಂದು ಮರದ ಪಾಲಿಗೂ ಒಂದೊಂದು ಬೆಟ್ಟ ಬರುತ್ತದೆ!

ಚುಕ್ಕೆಗಳನ್ನು ಎರಡು ಬಣ್ಣದಲ್ಲಿ ಮತ್ತೆ ಬರೆಯಲು ಕೂತಿದ್ದೇನೆ. ಸಸಿ ಇದೆ ಎಂದು ಗೊತ್ತಿರುವ ಕಡೆ ಹಸಿರು, ಇಲ್ಲದ ಕಡೆ ಕಂದು. ಗ್ವಾಡಲೂಪೆಯನ್ನು ಕಂದಿನಿಂದ ಹಸಿರಿಗೆ ಬದಲಿಸುವಾಗ ಖುಷಿಯಾಯಿತು. ಲಿಂಡೆನ್‌ಗೆ ಕಂದು ಹಾಕಲಾ?

ಪರಾಗಪುಡಿ

ಹಾಕಿ, ಆದರೆ ಪೆನ್ಸಿಲ್‌ನಲ್ಲಿ. ಅಲ್ಲಿಯ ಬೇಸಿಗೆಗಳೂ ಈಗ ಬಿಸಿಯಾಗುತ್ತಿವೆ.